ಅಳಿಯನ ಜೊತೆ ಮಾತಿಲ್ಲ

ತುಳಸವ್ವ ಸೆರಗು ಮುಂದಕ್ಕೆಳೆದುಕೊಂಡು ಗೋಡೆಯತ್ತ ತಿರುಗಿದಾಗಲೇ ಕಲ್ಮೇಶ ಕಂಗಾಲಾದ. ಕೂಸು ನೋಡಿಕೊಳ್ಳಲು ಬಂದವಳು ಮನೆಯ ಯಜಮಾನನೆದುರು ತುಟಿಯನ್ನೇ ಬಿಚ್ಚದಿದ್ದರೆ ಹೇಗೆ?

ಹೆಂಡತಿ ದೀಪಾಲಿ ಹೆರಿಗೆ ರಜೆ ಮುಗಿಸಿ ಅಂದೇ ಶಾಲೆಗೆ ಹೊರಟಿದ್ದಳು. ಕೆಲಸಕ್ಕೆ ಬಂದ ತುಳಸವ್ವನನ್ನು ಅವಳು ಬಾಯ್ತುಂಬ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದೇ ಕರೆದಿದ್ದಳು. “ಚಿಗವ್ವಗ ಬ್ಯಾಸರ ಆಗಬಾರದ ನೋಡ್ರಿ. ಆಕಿ ಹ್ವಾದ್ರ ನನ್ನ ನೌಕರಿನೂ ಹ್ವಾತು” ಎಂದು ಎಚ್ಚರಿಸಿ ಎಸ್‌.ಟಿ. ಬಸ್ಸು ಹತ್ತಿದ್ದಳು. ಕಲ್ಮೇಶ ಮೋಟಾರು ರಿಪೇರಿ ಅಂಗಡಿಗೆ ಕೀಲಿ ಹಾಕಿ ಮನೆಯಲ್ಲೇ ಉಳಿದಿದ್ದ.

ತುಳಸವ್ವ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. “ಏನರ ಬೇಕೇನ್ರಿ?” ಎಂದ ಕಲ್ಮೇಶ. ಅವಳು ಕೂಸಿನ ಕಡೆ ಬಾಗಿ, “ಹಾಲ ಉಕ್ಕಾಕತ್ತೈತಿ ನನ ರಾಜಾ, ಲಗೂನ ಇಳಸಬೇಕು” ಎಂದು ರಾಗ ಎಳೆದಳು. ಎಷ್ಟು ಚೆಂದದ ಜೋಗುಳ ಎಂದು ಕಲ್ಮೇಶ ತಲೆದೂಗಿದ. ಹಾಲು ಉಕ್ಕಿ ಒಲೆ ಆರಿತು.

“ಆಡ ಬಂತೋ ರಾಜಾ, ನಿನ್ನ ಕುಂಚಗಿ ತಿನ್ನಾಕತ್ತೈತಿ!” ಎಂಬ ಎರಡನೇ ಜೋಗುಳಕ್ಕೆ ಚಪ್ಪಾಳೆಯನ್ನೂ ತಟ್ಟಿದ. ಅಂಗಳದ ಹಗ್ಗದ ಮೇಲೆ ಒಣಗಲು ಹಾಕಿದ್ದ ಕೂಸಿನ ತಲೆಗೆ ಕಟ್ಟುವ ಕುಂಚಿಗೆಯಲ್ಲಿ ಆಡು ತಿಂದು ಲಾಡಿಯಷ್ಟೇ ಉಳಿಯಿತು.

ಗದ್ದಲ ಕೇಳಿ ನೆರೆಮನೆಯ ರುಕ್ಮವ್ವ ಬಂದಳು. “ಏ ಹುಚ್ಚಪ್ಪಾ, ಆಕಿ ಹೇಳಾಕತ್ತಿದ್ದು ನಿನಗ! ನಿನ್ನ ಹೇಣ್ತಿಗೆ ಆಕಿ ಚಿಗವ್ವ ಅಂದ್ರ ನೀ ಅಳಿಯ ಆದಿ. ಅಳಿಯನ ಮಾರಿ ನೋಡಿ ಹೆಂಗ ಮಾತಾಡ್ತಾಳ?”

“ಹಂಗಾದ್ರ ಸಂಜಿತನಕ ಮನ್ಯಾಗ ಏನೂ ಉಳಿಯೂದಿಲ್ಲ ಬಿಡ್ರಿ.”

ರುಕ್ಮವ್ವ ಎಲೆ ಜಗಿಯುತ್ತ ಯೋಚಿಸಿದಳು. “ತುಳಸವ್ವಾ, ನಿನ್ನ ತವರ ಉಟಗಿ ಹೌದಿಲ್ಲೋ? ತೀರಿಕೊಂಡ ಇವನ ಅವ್ವ ನೀಲವ್ವಂದೂ ಉಟಗಿನ. ಒಂದ ಊರ ಹೆಣ್ಮಕ್ಕಳು ಅಂದ್ರ ಅಕ್ಕತಂಗೇರು. ಇವ ನಿನಗ ಮಗ ಆಗ್ತಾನ!”

ತುಳಸವ್ವನ ಸೆರಗು ಹಿಂದೆ ಸರಿಯಿತು. “ಅಯ್ಯ, ನೀ ನೀಲವ್ವಕ್ಕನ ಮಗನೇನೋ?”

“ಹೌದ್ರಿ.”

“ನನಗ ರೀ ಅಂತೀ? ಮಾರಿ ನೋಡ ಹೆಂಗ ಸೊರಗೈತಿ! ಮುಂಜಾನಿಂದ ಏನರ ತಿಂದೀ ಇಲ್ಲೋ? ಕುಂದ್ರ ಇಲ್ಲಿ!”

ಬಿಸಿ ರೊಟ್ಟಿ ತಟ್ಟೆಗೆ ಬಿತ್ತು. ಅವ್ವ ಹೋದ ಮೇಲೆ ಹೀಗೆ ಗದರಿಸಿ ಉಣಿಸುವವರು ಅವನಿಗೆ ಯಾರೂ ಇರಲಿಲ್ಲ. ಕಣ್ಣು ತುಂಬಿ ಬಂತು. ಚಟ್ನಿ ಖಾರ ಎಂದು ಸುಳ್ಳು ಹೇಳಿದ.

ಸಂಜೆ ದೀಪಾಲಿ ಓಡೋಡಿ ಬಂದಳು. “ಚಿಗವ್ವಾ, ಎಲ್ಲಾ ಚಲೋ ಆತೇನ?”

ತುಳಸವ್ವ ಕೂಸನ್ನು ಕಲ್ಮೇಶನ ತೊಡೆಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಇನ್ನ ಚಿಗವ್ವ ಅಲ್ಲ, ಅತ್ತಿ ಅನ್ನು. ನಿನ್ನ ಗಂಡ ನನ್ನ ಮಗ. ಹೊತ್ತ ಮುಣಗೂತನಕ ಮನಿ ನೆನಪಾಗಲಿಲ್ಲೇನ ಸೊಸಿಗೆ? ನನ ಮಗನ್ನ ಉಪಾಸ ಕೂಡ್ರಿಸಿ ಹೋಗಿದ್ದಿ! ತಲಿ ಮ್ಯಾಲ ಸೆರಗ ಹಾಕ್ಕೋ, ನೀರಿನ ಕೊಡ ತಗೋ!”

ದೀಪಾಲಿ ಗಂಡನನ್ನೇ ದಿಟ್ಟಿಸಿದಳು.

“ಕೆಲಸ ಬಿಡೂದಿಲ್ಲಂತ,” ಕಲ್ಮೇಶ ಮೆಲ್ಲಗೆ ಹೇಳಿದ, “ಖಾಯಂ ಇರ್ತಾಳಂತ.”

ಅಂದಿನಿಂದ ತುಳಸವ್ವ ಅವನೊಂದಿಗೆ ಮಾತು ನಿಲ್ಲಿಸಿಲ್ಲ. ದೀಪಾಲಿ ಇನ್ನೂ ಶುರು ಮಾಡಿಲ್ಲ.