ಕೂತು ಕೇಳಿದ ರಾಕ್ ಸಂಗೀತ

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ನನಗೆ ಗಣಿತ ಎಷ್ಟು ಬರುತ್ತದೋ ಗೊತ್ತಿಲ್ಲ, ಜನರನ್ನು ಕೂರಿಸುವುದು ಮಾತ್ರ ಚೆನ್ನಾಗಿ ಬರುತ್ತದೆ. ನಾಲ್ಕು ಜನ ಒಟ್ಟಿಗೆ ನಿಂತಿರುವುದನ್ನು ಕಂಡರೆ ಸಾಕು, ನನ್ನ ಬಲಗೈ ತಾನಾಗಿ ಮೇಲೆದ್ದು, ಅಂಗೈ ಕೆಳಗಾಗಿ, ಎರಡು ಸಲ ಗಾಳಿಯನ್ನು ಅದುಮುತ್ತದೆ. ಶಾಮನೂರಿನ ಬಸ್ಸಿನಲ್ಲಿ ಸೀಟಿಲ್ಲದೆ ಜೋತಾಡುತ್ತಿದ್ದವರಿಗೆ ಹೀಗೆ ಮಾಡಿ ಬೈಸಿಕೊಂಡಿದ್ದೇನೆ. ನಂದಿಗುಡಿಯಲ್ಲಿ ಹೆಂಡತಿಯ ಕಡೆಯವರ ಮದುವೆ ನಡೆದಾಗ ಅಕ್ಷತೆ ಹಾಕಲು ಎದ್ದವರ ಮೇಲೂ ಈ ಕೈ ಕೆಲಸ ಮಾಡಿತು. ಮುಹೂರ್ತದ ಹೊತ್ತಿಗೆ ಮುಂದಿನ ಎರಡು ಸಾಲು ಕೂತೇ ಇತ್ತು. ಆ ಮದುವೆಯ ವಿಡಿಯೊ ಎಲ್ಲರ ಮನೆಗೂ ಹೋಯಿತಂತೆ, ನಮ್ಮ ಮನೆಗೆ ಇವತ್ತಿಗೂ ಬಂದಿಲ್ಲ.

ನಾವಿರುವುದು ದೇವರಾಜ ಅರಸು ಬಡಾವಣೆಯಲ್ಲಿ. ಮಗಳು ಸ್ಫೂರ್ತಿ ಎಂಜಿನಿಯರಿಂಗ್ ಓದುತ್ತಾಳೆ. ಓದುತ್ತಾಳೆ ಎನ್ನುವುದು ನನ್ನ ಮಾತು, ಡ್ರಮ್ಸ್ ಬಾರಿಸುತ್ತಾಳೆ ಎನ್ನುವುದು ಅಕ್ಕಪಕ್ಕದವರ ಮಾತು. ಅವಳೂ ಅವಳ ಮೂವರು ಗೆಳತಿಯರೂ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡು ಎರಡು ವರ್ಷ ನಮ್ಮ ಮಾಳಿಗೆಯ ಮೇಲೆ ಅಭ್ಯಾಸ ಮಾಡಿದರು. ಕೊನೆಗೆ ಊರಿನ ಮೈದಾನವೊಂದರಲ್ಲಿ ಒಂದು ಸಂಜೆ ಬಾರಿಸುವ ಅವಕಾಶ ಸಿಕ್ಕಿತು. ಹರಿಹರದ ಕಾರ್ಯಕ್ರಮವೊಂದರ ಸಂಘಟಕರು ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಅಲ್ಲಿಗೂ ಕರೆ, ಹಿಡಿಸದಿದ್ದರೆ ಮತ್ತೆ ನಮ್ಮ ಮಾಳಿಗೆಯೇ ಗತಿ. ಹೀಗಾಗಿ ನಾನು ಬರುತ್ತೇನೆ ಎಂದಾಗ ಸ್ಫೂರ್ತಿ ಮೊದಲು ನನ್ನ ಬಲಗೈಯನ್ನು ನೋಡಿದಳು.

"ಬರ್ರಿ ಅಪ್ಪಾಜಿ," ಎಂದಳು ಆಮೇಲೆ, "ಆದ್ರೆ ಹಿಂದೆ ಇರ್ರಿ. ಯಾರಿಗೂ ಏನೂ ಹೇಳಾಕೆ ಹೋಗಬ್ಯಾಡ್ರಿ."

ಮೊಣಕಾಲು ನೋವಿನವನಾದ್ದರಿಂದ ನಾನು ಮನೆಯಿಂದಲೇ ಒಂದು ಮಡಚುವ ಕುರ್ಚಿ ಹೊತ್ತೆ. ಹೆಂಡತಿ ಗಿರಿಜಾ ಚೀಲದಲ್ಲಿ ಖಾರ ಮಂಡಕ್ಕಿ ತುಂಬಿಕೊಂಡಳು. ಮೈದಾನಕ್ಕೆ ಹೋಗಿ ನೋಡಿದರೆ ಅಲ್ಲಿ ಕುರ್ಚಿ ತಂದವನು ನಾನೊಬ್ಬನೇ. ವೇದಿಕೆಯ ಹಿಂದೆ ನಮ್ಮ ಮನೆಯ ಮುಂಭಾಗದಷ್ಟು ದೊಡ್ಡ ಎಲ್‌ಇಡಿ ಪರದೆ. ಅದರಲ್ಲಿ ಮೊದಲು ಬೆಂಕಿ ಉರಿಯಿತು, ಆಮೇಲೆ ಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಆಮೇಲೆ ಒಂದೇ ಒಂದು ಕೆಂಪು ಕಣ್ಣು ಬಂದು ನಮ್ಮನ್ನೇ ದಿಟ್ಟಿಸತೊಡಗಿತು. ಗಿರಿಜಾ ಅದನ್ನು ಗಮನವಿಟ್ಟು ನೋಡಿ, ಪಾಪ, ಡ್ರಾಪ್ಸ್ ಹಾಕಿಸಬೇಕಿತ್ತು ಎಂದಳು. ಸುತ್ತಲಿನ ಹುಡುಗ ಹುಡುಗಿಯರು ತಲೆಗೂದಲು ಕೆದರಿಕೊಂಡು ಕತ್ತು ಕುಣಿಸುತ್ತಿದ್ದರು. ಕೆಲವರು ತೋರುಬೆರಳು, ಕಿರುಬೆರಳು ಎರಡನ್ನೂ ಎತ್ತಿ ಹಿಡಿದಿದ್ದರು. ಕಿರುಬೆರಳು ಒಂದನ್ನೇ ಎತ್ತಿದ್ದರೆ ನಾನು ಅಭ್ಯಾಸಬಲದಿಂದ ಹೋಗಿ ಬರ್ರಿ ಎಂದು ಅಪ್ಪಣೆ ಕೊಟ್ಟುಬಿಡುತ್ತಿದ್ದೆ. ಉಳಿದವರೆಲ್ಲ ಮೊಬೈಲ್ ಎತ್ತಿದ್ದರು. ನನ್ನ ಮಗಳನ್ನು ನಾನು ಮೊದಲು ಕಂಡದ್ದು ಮುಂದೆ ನಿಂತಿದ್ದವನ ಮೊಬೈಲಿನಲ್ಲಿ, ಹೆಬ್ಬೆರಳಿನಷ್ಟು ಗಾತ್ರದಲ್ಲಿ. ಅಷ್ಟರಲ್ಲಿ ಅವನಿಗೆ ಯಾರದೋ ಫೋನ್ ಬಂದು ಅವಳೂ ಮಾಯವಾದಳು.

ಎರಡು ಹಾಡು ತಡೆದುಕೊಂಡೆ. ಮೂರನೆಯ ಹಾಡಿಗೆ ಕೈ ನನ್ನ ಮಾತು ಕೇಳಲಿಲ್ಲ. ಅಂಗೈ ಕೆಳಗಾಗಿ ಮೇಲೆದ್ದಿತು, ಗಾಳಿಯನ್ನು ಎರಡು ಸಲ ಅದುಮಿತು. ಜನರನ್ನು ಪರದೆಯ ಮೇಲೆ ತೋರಿಸಲೆಂದು ಓಡಾಡುತ್ತಿದ್ದ ಕ್ಯಾಮೆರಾ ಸರಿಯಾಗಿ ಆ ಗಳಿಗೆಯಲ್ಲೇ ನನ್ನ ಕಡೆ ತಿರುಗಬೇಕೆ? ಕೆಂಪು ಕಣ್ಣು ಹೋಗಿ ಅಲ್ಲಿ ನನ್ನ ಮುಖ ಬಂತು. ಮುಖಕ್ಕಿಂತ ಮುಂದೆ ಎತ್ತಿನಗಾಡಿಯ ಚಕ್ರದಷ್ಟು ದೊಡ್ಡ ಅಂಗೈ. ಆ ಮೈದಾನದಲ್ಲಿದ್ದ ಅರ್ಧ ಜನ ಒಂದಲ್ಲ ಒಂದು ವರ್ಷ ನನ್ನ ಕೈಯಲ್ಲಿ ಬೀಜಗಣಿತ ಕಲಿತವರು, ಅಥವಾ ಕಲಿಯದೆ ಉಳಿದವರು. ಅವರೆಲ್ಲ ಯೋಚನೆಯನ್ನೇ ಮಾಡದೆ ದಬದಬನೆ ಕೂತುಬಿಟ್ಟರು. ಅವರು ಕೂತದ್ದನ್ನು ನೋಡಿ, ಇದೂ ಕಾರ್ಯಕ್ರಮದ ಭಾಗವಿರಬೇಕೆಂದು ಉಳಿದವರೂ ಕೂತರು. ಕೆಲವರು ಕೈ ಕಟ್ಟಿಕೊಂಡರು. ಎತ್ತಿದ ಮೊಬೈಲುಗಳೂ ಜೇಬು ಸೇರಿದವು.

ವೇದಿಕೆಯ ಮೇಲೆ ಹಾಡುತ್ತಿದ್ದ ಹುಡುಗಿಗೆ ಬಾಯಿ ಕಟ್ಟಿತು. ಗಿಟಾರ್ ನಿಂತಿತು. ಸ್ಫೂರ್ತಿ ತಿರುಗಿ ಪರದೆ ನೋಡಿದಳು. ಎರಡು ವರ್ಷದ ಅವಳ ಶ್ರಮ ನನ್ನ ಒಂದು ಅಂಗೈಯ ಕೆಳಗೆ ಸಿಕ್ಕಿಕೊಂಡದ್ದು ಆ ಮುಖದಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು. ಈಗ ಎಲ್ಲರೂ ಕೂತಿದ್ದರಲ್ಲ, ಅಡ್ಡ ಯಾರೂ ಇರಲಿಲ್ಲ. ಸದ್ದಿಲ್ಲದೆ ಹೊರಟುಬಿಡೋಣವೆಂದು ಕುರ್ಚಿಯಿಂದ ಎದ್ದೆ. ಪರದೆಯ ಮೇಲಿನ ನಾನೂ ಎದ್ದೆ. ಮೇಷ್ಟ್ರು ಎದ್ದ ಮೇಲೆ ಕೂತಿರುವ ಧೈರ್ಯ ಯಾರಿಗಿದೆ? ಇಡೀ ಮೈದಾನ ಒಟ್ಟಿಗೆ ಎದ್ದಿತು. ಅದೇ ಹೊತ್ತಿಗೆ ನನ್ನ ಮೇಲಿನ ಸಿಟ್ಟನ್ನೆಲ್ಲ ಎರಡು ಕೋಲಿಗೆ ತುಂಬಿ ಸ್ಫೂರ್ತಿ ಡ್ರಮ್ಮಿಗೆ ಹೊಡೆದಳು. ಎದ್ದವರು ನಿಲ್ಲಲಿಲ್ಲ, ಹಾಗೆಯೇ ಹಾರಿದರು. ನಮ್ಮ ಮಂಡಕ್ಕಿಯೂ ಹಾರಿತು.

ಮುಗಿದ ಮೇಲೆ ಮಗಳು ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದಳು. ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿ ನಿಂತಿದ್ದೆ. ಜನರನ್ನು ಕೂರಿಸಿ ಆಮೇಲೆ ಹಾರಿಸುವುದು ದೊಡ್ಡ ದೊಡ್ಡ ಬ್ಯಾಂಡಿನವರೆಲ್ಲ ಮಾಡುವ ಕಸರತ್ತಂತೆ, ಹರಿಹರದವರು ಅದಕ್ಕೇ ಮರುಳಾಗಿ ಒಪ್ಪಿಕೊಂಡರಂತೆ. ಇದನ್ನೆಲ್ಲ ಅವಳು ನೆಲ ನೋಡುತ್ತ ಹೇಳಿದಳು. ಆಮೇಲೆ ಕುರ್ಚಿಯನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು.

"ಹರಿಹರಕ್ಕೂ ಬರ್ರಿ ಅಪ್ಪಾಜಿ. ಮುಂದೇನೆ ಕೂಡ್ರಿ."

ಆ ಒಂದು ಮಾತು ನನ್ನ ತಲೆ ಕೆಡಿಸಿತು. ಹದಿನೈದು ದಿನ ಕನ್ನಡಿಯ ಮುಂದೆ ಅಂಗೈಯ ಕೋನ ತಿದ್ದಿದೆ. ಕೂದಲಿಗೆ ಬಣ್ಣ ಹಚ್ಚಿದೆ. ಪರದೆಯಲ್ಲಿ ಎದ್ದು ಕಾಣಲೆಂದು ಹಳದಿ ಶರ್ಟು ಹೊಲಿಸಿದೆ. ಹರಿಹರದಲ್ಲಿ ಎಲ್ಲರಿಗಿಂತ ಮುಂದೆ ಕೂತು, ಕ್ಯಾಮೆರಾ ಹಿಡಿದ ಹುಡುಗಿಗೆ ನಾನು ಯಾರೆಂದು ಎರಡು ಸಲ ತಿಳಿಸಿಯೂ ಬಂದೆ. ಮೂರನೆಯ ಹಾಡು ಶುರುವಾಯಿತು. ಕ್ಯಾಮೆರಾ ನಮ್ಮ ಕಡೆಗೇ ಬಂತು, ನನ್ನನ್ನು ದಾಟಿತು, ಗಿರಿಜಾಳ ಮೇಲೆ ನಿಂತಿತು. ಸದ್ದು ತಾಳಲಾರದೆ ಅವಳು ಸೆರಗಿನ ತುದಿಯಿಂದ ಎರಡೂ ಕಿವಿ ಮುಚ್ಚಿಕೊಂಡು, ಕಣ್ಣು ಮುಚ್ಚಿ ಕೂತಿದ್ದಳು. ನೋಡನೋಡುತ್ತಿದ್ದಂತೆ ಮೈದಾನದವರೆಲ್ಲ ಕಿವಿ ಮುಚ್ಚಿಕೊಂಡು ತೂಗಾಡತೊಡಗಿದರು. ಗದ್ದಲ ಬೇರೆಯಾದದ್ದು ತಿಳಿದು ಅವಳು ಕಣ್ಣು ಬಿಟ್ಟಳು. ಪರದೆಯ ಮೇಲೆ ತನ್ನನ್ನು ತಾನು ಕಂಡಳು. ನಾನು ಏನೂ ಅರಿಯದವನಂತೆ ಮೆಲ್ಲಗೆ ಅವಳ ಕಡೆಗೆ ವಾಲಿದೆ.

"ಒಂಚೂರು ಆ ಕಡೆ ಸರೀರಿ," ಎಂದಳು, ಪರದೆಯಿಂದ ಕಣ್ಣು ಕೀಳದೆ. "ಅಡ್ಡ ಬರ್ತೀರಿ."

ಸರಿದೆ. ಆ ಹಾಡಿನ ವಿಡಿಯೊ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಎಡಮೂಲೆಯಲ್ಲಿ ಅರೆಕ್ಷಣ ಒಂದು ಹಳದಿ ಮೊಣಕೈ ಕಾಣುತ್ತದೆ. ಅದು ನನ್ನದು.