ಅಣ್ಣನ ಎಡಗಾಲಿನ ಹೆಬ್ಬೆರಳು

ನಮ್ಮಣ್ಣ ಇಪ್ಪತ್ತೈದು ವರ್ಷವಾಗುವವರೆಗೆ ಯಾರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ ಎಂದರೆ ನೀವು ನಂಬುತ್ತೀರಾ? ನಾಚಿಕೆಯೇ? ಅಯ್ಯೋ, ಅದೆಲ್ಲಿಯದು! ಅವನ ಕಣ್ಣೆಲ್ಲ ಜನರ ಭುಜ ಮತ್ತು ಕಾಲಿನ ಮೇಲೆ. ಹುಣಸೂರಿನ ಗರಡಿಯಲ್ಲಿ ಕುಸ್ತಿ ಕಲಿಯುತ್ತಿದ್ದ.

“ಮುಖ ಸುಳ್ಳು ಹೇಳ್ತದೆ ಕಣಮ್ಮಿ, ಕಾಲು ಹೇಳಲ್ಲ. ಎದುರಿಗಿರೋನು ಹೆಜ್ಜೆ ಎತ್ತಿದ ಮೇಲೆ ಹಿಡಿದ್ರೆ ತಡ ಆಯ್ತು. ಎತ್ತಕ್ಕೆ ಮನಸ್ಸು ಮಾಡ್ತಾನಲ್ಲ, ಆಗ್ಲೇ ತೋಳಿಗೊಂದು ತಟ್ಟಬೇಕು. ಹಾಕ್ಬೇಕಂದಿದ್ದ ಪಟ್ಟೇ ಮರ್ತೋಯ್ತದೆ!” ಎಂದು ನನಗೆ ಪಾಠ ಹೇಳುತ್ತಿದ್ದ.

ಈ ವಿದ್ಯೆ ಗರಡಿಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಅವ್ವ ಇನ್ನೊಂದು ಮುದ್ದೆ ಬಡಿಸಲು ಯೋಚಿಸುವಷ್ಟರಲ್ಲಿ ಅವಳ ಮಣಿಕಟ್ಟು ಇವನ ಕೈಯಲ್ಲಿ! ಮುದ್ದೆ ನೆಲದಲ್ಲಿ, ಆಮೇಲೆ ನಾಯಿಯ ಬಾಯಲ್ಲಿ. ಸರಗೂರಿಗೆ ಹೆಣ್ಣು ನೋಡಲು ಹೋಗಿದ್ದೆವು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವ್ವ ಪಿಸುಗುಟ್ಟಿದಳು: “ಹುಡುಗಿ ಹೆಂಗವ್ಳೆ ಮಗ?” ಅಣ್ಣನಿಗೆ ಪಿಸುಮಾತು ಬಾರದು.

“ಭಾರವೆಲ್ಲ ಬಲಗಾಲ ಮೇಲೆ ಬುಟ್ಟವ್ಳೆ ಕಣವ್ವ. ಎಡಕ್ಕೆ ತಳ್ಳಿದ್ರೆ ಬಿದ್ದೋಯ್ತಾಳೆ!”

ಹುಡುಗಿಯ ಅಪ್ಪ ಹೊಸ್ತಿಲಲ್ಲೇ ನಿಂತಿದ್ದರು!

ಅವನ ಓದಿಗೆ ದಕ್ಕದ್ದು ನಮ್ಮ ಎಮ್ಮೆಯೊಂದೇ. ಹತ್ತಿರ ಹೋದಾಗಲೆಲ್ಲ ಒದೆಯುತ್ತಿತ್ತು. “ಇದರ ಭುಜ ಎಲ್ಲೈತೆ ಅಂತ್ಲೇ ಗೊತ್ತಾಗಲ್ಲ” ಎಂದು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ.

ಆ ಎಮ್ಮೆ ಮೇಯಿಸಲೆಂದೇ ನನ್ನನ್ನು ಆರನೇ ಕ್ಲಾಸಿಗೆ ಶಾಲೆ ಬಿಡಿಸಿದ್ದರು. ಪೈಲ್ವಾನನಿಗೆ ಹಾಲು ಬೇಕಲ್ಲ! ಕರೆಯುವವಳು ನಾನು, ಕಾಯಿಸುವವಳು ನಾನು, ಬಾದಾಮಿ ಅರೆಯುವವಳೂ ನಾನೇ. ಕುಡಿಯುವುದೊಂದು ಮಾತ್ರ ಅವನ ಕಷ್ಟ.

ಆ ವರ್ಷ ಅವನಿಗೆ ಹಾರನಹಳ್ಳಿಯ ಪೈಲ್ವಾನನೊಂದಿಗೆ ಜೋಡಿ ಕಟ್ಟಿದರು. ಗೆದ್ದವನಿಗೆ ಮೈಸೂರಿನ ದೊಡ್ಡ ಕುಸ್ತಿಯಲ್ಲಿ ಇಳಿಯುವ ಅವಕಾಶ. ಅಣ್ಣನಿಗೆ ನಿದ್ದೆಯಲ್ಲೂ ಮೈಸೂರೇ. ಆ ಹಾರನಹಳ್ಳಿಯವನ ಅಕ್ಕ ನಮ್ಮ ಬೀದಿಯ ಸೊಸೆ. ಬೋರ್‌ವೆಲ್ ಪಂಪು ಒತ್ತುತ್ತಾ ನನ್ನನ್ನು ಕೆಣಕಿದಳು: “ನಿಮ್ಮಣ್ಣ ಊರೋರ ಕಾಲೆಲ್ಲ ನೋಡ್ತಾನಂತೆ. ಅವನ ಕಾಲು ನೋಡಿರೋರು ಯಾರೂ ಇಲ್ವೇನಮ್ಮಿ?”

ಇಲ್ಲದೆ ಏನು? ಅವನು ಹಿತ್ತಲಲ್ಲಿ ಸಾಮು ಮಾಡಿ ಪಟ್ಟುಗಳ ಅಭ್ಯಾಸ ನಡೆಸುವಾಗ ದಿನವೂ ಹಾಲಿನ ಲೋಟ ಹಿಡಿದು ನಿಲ್ಲುತ್ತಿದ್ದವಳು ನಾನೇ. ಅಂದು ಬೆಳಗ್ಗೆಯಷ್ಟೇ ನನಗೂ ಅರ್ಧ ಲೋಟ ಕೇಳಿ ಅವ್ವನಿಂದ ಬೈಸಿಕೊಂಡಿದ್ದೆ.

“ಎದುರಿಗಿರೋನ ಕಾಲಿಗೆ ಕೈ ಹಾಕೋ ಮುಂಚೆ ಅವನ ಎಡಗಾಲ ಹೆಬ್ಬೆರಳು ಮಣ್ಣು ಕೆರೀತದೆ ಕಣಕ್ಕ” ಎಂದುಬಿಟ್ಟೆ. ಕೊಡ ಇನ್ನೂ ತುಂಬಿರಲಿಲ್ಲ.

ಕುಸ್ತಿ ನೋಡಲು ನಾವು ಹೆಂಗಸರು ಹೋಗುತ್ತಿರಲಿಲ್ಲ. ಅಪ್ಪ ಬಂದು ಹೇಳಿದರು: “ಆ ನನ್ಮಗ ಇವನ ಕಾಲನ್ನೇ ನೋಡ್ತಿದ್ದ. ಹೆಬ್ಬೆರಳು ಅಲ್ಲಾಡಿದ್ದೇ ತಡ, ತೋಳಿಗೊಂದು ತಟ್ಟಿದ. ನಮ್ಮೋನು ಚಿತ್ತಾದ.”

ಅಣ್ಣನ ಪಾಠ ಅಣ್ಣನಿಗೇ!

ಸಂಜೆ ಅವನು ಜಗಲಿಯ ಮೇಲೆ ಕೂತಿದ್ದ, ಕಿವಿಯಲ್ಲಿನ್ನೂ ಕೆಂಪು ಮಣ್ಣು. ಹಾಲು ಹಿಡಿದು ಹೋದೆ. ನನ್ನ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಓದುವವನಿಗೆ ಇನ್ನೇನು ಬೇಕು? ಅವನು ಓದಲಿ, ಎದ್ದು ಎರಡು ಬಾರಿಸಲಿ ಎಂದು ಕಾದೆ. ಕೊನೆಗೆ ನಾನೇ ಕೇಳಿದೆ: “ಎಲ್ಲಾರ ಕಾಲೂ ನೋಡ್ತೀಯ, ನಂದ್ಯಾಕಣ್ಣ ನೋಡಲ್ಲ?”

ಅವನು ತಲೆಯೆತ್ತಿ ನನ್ನ ಮುಖ ನೋಡಿದ. ಮುಖವನ್ನೇ.

“ನೀನೇನು ನನ್ನ ಎದುರಾಳಿಯೇನಮ್ಮಿ?” ಎಂದವನು ಲೋಟವನ್ನು ನನ್ನ ಕಡೆಗೇ ತಳ್ಳಿದ. “ಸೋತೋನಿಗ್ಯಾಕೆ ಹಾಲು? ಸೊರಗೋಗಿದ್ದೀಯ, ನೀನು ಕುಡಿ.”

ಮುಖ ಸುಳ್ಳು ಹೇಳುತ್ತದೆ ಎಂದು ಅವನೇ ಕಲಿಸಿದ್ದ. ನನ್ನದೂ ಹೇಳಿತು. ನಾನು ಕುಡಿದೆ.