ಹೌಜ್ ಖಾಸಿನ ಅಡುಗೆಮನೆಯಲ್ಲಿ ಉತ್ತರ ಯುರೋಪು

ತೇದಿಯಿಲ್ಲದ ಮಾತನ್ನು ನಂಬಬಾರದು ಎಂಬುದು, ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದು ನಿವೃತ್ತನಾದ ನನ್ನ ದೃಢವಾದ ನಂಬಿಕೆ. ತೇದಿಯುಳ್ಳ ಮಾತನ್ನೂ ಎರಡನೆಯ ಆಧಾರ ಸಿಗುವವರೆಗೆ ನಂಬಬಾರದು ಎಂಬುದು ಅದಕ್ಕಿಂತ ದೃಢವಾದುದು. ನಮ್ಮ ಲಗ್ನಪತ್ರಿಕೆಯಲ್ಲಿ ತಿಥಿಗೂ ವಾರಕ್ಕೂ ಹೊಂದಾಣಿಕೆಯಿಲ್ಲವೆಂದು ಒಮ್ಮೆ ಪಂಚಾಂಗ ತೆಗೆದು ತೋರಿಸಿದಾಗ ನನ್ನ ಹೆಂಡತಿ, "ಹಾಗಾದರೆ ಆ ಮದುವೆ ಆಗೇ ಇಲ್ಲ ಅಂತ ಬರೆದುಕೊಡಿ, ನಾನು ಹೊರಡ್ತೀನಿ" ಎಂದಿದ್ದಳು. ಪುಣ್ಯಕ್ಕೆ ಬರೆದುಕೊಡಲಿಲ್ಲ.

ಕಳೆದ ತಿಂಗಳು ತಮ್ಮನ ಮಗಳು ಅನಘಾ ಗುರುಗ್ರಾಮದಿಂದ ಮೆಟ್ರೋ ಹಿಡಿದು ದೆಹಲಿಯ ಹೌಜ್ ಖಾಸಿನ ನಮ್ಮ ಮನೆಗೆ ಬಂದಳು. ಅವಳ ಕಂಪನಿಯ ಮೂಲ ಕಚೇರಿ ಉತ್ತರ ಯುರೋಪಿನಲ್ಲಿದೆ. ಆ ಭಾಗದ ದೊಡ್ಡ ಕಂಪನಿಗಳಲ್ಲಿ ನೌಕರರು ಮನಸ್ಸಿಟ್ಟು ದುಡಿಯುವುದು, ಬಿಟ್ಟುಹೋಗದೆ ಉಳಿಯುವುದು ಹೇಗೆಂಬ ವರದಿಯನ್ನು ಅವಳು ಸಿದ್ಧಪಡಿಸಿದ್ದಳು. "ದೊಡ್ಡಪ್ಪ, ತೇದಿ ಮಾತ್ರ ನೋಡಿಕೊಡಿ. ಅಭಿಪ್ರಾಯ ಬೇಡ" ಎಂದಳು. ನೋಡಿದೆ. ಒಂದು ಸಮೀಕ್ಷೆ ನಡೆದದ್ದು ಭಾನುವಾರ, ಇನ್ನೊಂದು ಇಡೀ ನಾಡು ಬೇಸಗೆಯ ರಜೆಗೆ ಹೋದ ವಾರ. 'ಯಾರೂ ಕಚೇರಿಯಲ್ಲಿರದ ದಿನ ಎಲ್ಲರೂ ಸಂತೋಷವಾಗಿದ್ದೇವೆ ಎಂದಿದ್ದಾರೆ. ಇದು ನಿಜವೂ ಇರಬಹುದು' ಎಂದು ಅಂಚಿನಲ್ಲಿ ಬರೆದೆ. ಅವಳು ಅದನ್ನು ಹೊಡೆದುಹಾಕಿದಳು.

ಆದರೆ ವರದಿಯ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿಯವರು ನೌಕರ ರಾಜೀನಾಮೆ ಕೊಟ್ಟ ಮೇಲೆ ಕಾರಣ ಕೇಳುತ್ತ ಕೂರುವುದಿಲ್ಲವಂತೆ. ಇರುವಾಗಲೇ ಎದುರು ಕೂರಿಸಿಕೊಂಡು, ಉಳಿಯಲು ಏನು ಬೇಕೆಂದು ಕೇಳುತ್ತಾರಂತೆ. ನಮ್ಮ ಮನೆಯಲ್ಲಿ ಆರು ವರ್ಷದಿಂದ ಅಡುಗೆ ಮಾಡುವ ಕಮಲಾ, ಬರುವ ಒಂದನೆಯ ತಾರೀಕಿನಿಂದ ಗುರುಗ್ರಾಮದ ಎತ್ತರದ ಫ್ಲ್ಯಾಟೊಂದಕ್ಕೆ ಹೋಗುವುದಾಗಿ ಆ ವಾರವಷ್ಟೇ ಹೇಳಿದ್ದಳು. ನನ್ನ ಹೆಂಡತಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಒಲೆಯ ಮುಂದೆ ನಿಲ್ಲುವಂತಿರಲಿಲ್ಲ. ಸಾರಿಗೆ ಎಷ್ಟು ಬೆಲ್ಲ ಬೇಕೆಂದು ದೆಹಲಿಯಲ್ಲಿ ಬಲ್ಲ ಮೂರನೆಯ ಜೀವ ನಮಗೆ ತಿಳಿದಿರಲಿಲ್ಲ. ಏನಾದರೂ ಆಗಲಿ, ಕಮಲಾಳನ್ನು ಹೋಗಗೊಡಬಾರದೆಂದು ನಿಶ್ಚಯಿಸಿ, ಏಳು ಪ್ರಶ್ನೆಗಳ ಪಟ್ಟಿ ಬರೆದು, ಅವಳನ್ನು ಊಟದ ಮೇಜಿನ ಬಳಿಗೆ ಕರೆದೆ. ಅವಳು ಕೂರಲಿಲ್ಲ. ಹಾಗಾಗಿ ನಾನೂ ಎದ್ದು ನಿಂತೆ.

"ಬೇಗ ಕೇಳಿ ಸಾಬ್, ಬೇಳೆ ಉಕ್ಕುತ್ತೆ." ಅವಳ ಹಿಂದಿಯನ್ನು ಕನ್ನಡಕ್ಕೆ ತಂದು ಹೇಳುತ್ತಿದ್ದೇನೆ.

"ಈ ಮನೆಯಲ್ಲಿ ನಿನ್ನ ಮಾತಿಗೆ ಬೆಲೆಯಿದೆಯೇ?"

ಕಮಲಾ ನನ್ನ ಕೈಯ ಪಕ್ಕದಲ್ಲಿದ್ದ ಡೈರಿಯನ್ನು ನೋಡಿದಳು. ಅವಳು ಬಂದ, ತಡವಾದ, ಬಾರದ ದಿನಗಳೆಲ್ಲ ಕಾರಣಸಹಿತ ಅದರಲ್ಲಿವೆ. "ಆ ಪುಸ್ತಕದ ಮಾತಿಗಿದೆ" ಎಂದಳು. "ಹೋಳಿ ಆದ ಮೇಲೆ ತಮ್ಮನ ಮದುವೆಗೆ ರಜೆ ಕೇಳಿದೆ. ನೀವು ಅದನ್ನ ತೆಗೆದು, ನಿನ್ನ ತಮ್ಮನಿಗೆ ಆಗಲೇ ಎರಡು ಸಲ ಮದುವೆಯಾಗಿದೆ ಅಂತ ನೆಂಟರ ಮುಂದೆ ಓದಿದಿರಿ. ಚಿಕ್ಕಪ್ಪನ ಮಕ್ಕಳು ತಮ್ಮಂದಿರಲ್ಲವಾ? ನಿಮ್ಮ ಕಡೆ ಅವರನ್ನ ಏನಂತಾರೆ?"

ಒಳಗಿನ ಕೋಣೆಯಿಂದ ನನ್ನ ಹೆಂಡತಿ, ಅವಳಿಗೆ ತಿಳಿಯಲೆಂದು ಹಿಂದಿಯಲ್ಲೇ, "ತಮ್ಮ ಅಂತಲೇ ಅಂತಾರೆ. ಇವರಿಗೆ ಹನ್ನೊಂದು ಜನ ತಮ್ಮಂದಿರು. ಅತ್ತೆ ಹೆತ್ತದ್ದು ಇಬ್ಬರನ್ನೇ" ಎಂದಳು.

"ಮದುಮಗನಿಗೆ ಅರಿಶಿನ ಹಚ್ಚಬೇಕಾದವಳು ನಾನು" ಎಂದಳು ಕಮಲಾ. "ಆವತ್ತು ಇಲ್ಲಿ ಬೆಂಡೆಕಾಯಿ ಹೆಚ್ಚುತ್ತಿದ್ದೆ."

ಒಂದೇ ಹೆಸರಿನ ಮೂವರು ರಾಜರನ್ನು ಒಬ್ಬನೆಂದು ಎಣಿಸಿದ ಸಹೋದ್ಯೋಗಿಯೊಬ್ಬನಿಗೆ ನಾನು ತುಂಬಿದ ಗೋಷ್ಠಿಯಲ್ಲಿ ಬೆವರಿಳಿಸಿದ್ದುಂಟು. ಅದು ನೆನಪಾಯಿತು. ಉಳಿದ ಆರು ಪ್ರಶ್ನೆಗಳನ್ನು ಮಡಿಚಿ ಜೇಬಿಗಿಟ್ಟು, "ತಪ್ಪು ನನ್ನದು" ಎಂದು ಡೈರಿಯನ್ನು ಅವಳ ಕೈಗೆ ಕೊಟ್ಟೆ. "ಇದು ನಿನ್ನ ಹತ್ತಿರವೇ ಇರಲಿ. ಇನ್ನು ರಜೆ ಕೇಳಬೇಡ, ಹೇಳಿ ಹೋಗು." ಅವಳು ಅದನ್ನು ಹಿಟ್ಟಿನ ಡಬ್ಬದ ಹಿಂದೆ ತುರುಕಿ, "ಅಚ್ಛಾ, ನೋಡ್ತೀನಿ" ಎಂದು ಒಲೆಯ ಕಡೆ ತಿರುಗಿದಳು.

ಒಂದನೆಯ ತಾರೀಕು ಬೆಳಿಗ್ಗೆ ಏಳಕ್ಕೆ ಕರೆಗಂಟೆ ಸದ್ದು ಮಾಡಿತು. "ಆ ಫ್ಲ್ಯಾಟಿನ ಗೇಟಲ್ಲಿ ಹೋಗೋದು ಬರೋದು ಎರಡನ್ನೂ ಮೊಬೈಲಲ್ಲಿ ಬರ್ಕೋತಾರೆ ಸಾಬ್" ಎಂದಳು ಕಮಲಾ, ಚಪ್ಪಲಿ ಬಿಡುತ್ತ. "ಅವರ ಮೊಬೈಲನ್ನ ಡಬ್ಬದ ಹಿಂದೆ ಇಡೋಕಾಗಲ್ಲ."

ಸುದ್ದಿ ತಿಳಿದ ಅನಘಾ ಫೋನು ಮಾಡಿ, ಕಮಲಾಳನ್ನು ಪ್ರಶ್ನಿಸಿದ ನನ್ನ ಪ್ರಯೋಗ ನಡೆದ ದಿನ ಯಾವುದೆಂದು ಕೇಳಿದಳು. ಡೈರಿಯಿಲ್ಲ. ಬುಧವಾರವಿರಬೇಕು ಎಂದೆ. "ಮಂಗಳವಾರ" ಎಂದಳು ಕಮಲಾ ಒಲೆಯ ಮುಂದಿನಿಂದ. "ಆವತ್ತಿನ ಬೇಳೆಯಲ್ಲಿ ಈರುಳ್ಳಿ ಇರಲಿಲ್ಲ. ಮಂಗಳವಾರ ನಾನು ಈರುಳ್ಳಿ ಮುಟ್ಟಲ್ಲ."

"ಎರಡನೇ ಆಧಾರ ಬೇಡವಾ ದೊಡ್ಡಪ್ಪ?" ಎಂದು ಅನಘಾ ನಕ್ಕಳು.

"ಬೇಡ" ಎಂದೆ, ದೃಢವಾಗಿ.

ಮುಂದಿನ ಮಂಗಳವಾರ ಊಟಕ್ಕೆ ಕುಳಿತಾಗ, ಕಮಲಾ ಅತ್ತ ತಿರುಗಿದ್ದನ್ನು ಖಚಿತಪಡಿಸಿಕೊಂಡು, ಬೇಳೆಯನ್ನು ಸೌಟಿನಿಂದ ಎರಡು ಸಲ ತಳದವರೆಗೆ ಕೆದಕಿ ನೋಡಿದೆ. ಈರುಳ್ಳಿ ಇರಲಿಲ್ಲ.